ಅಲ್ಗಾರಿದಮ್ ಕಲಿಯೋಕೆ ಯಾವ ಪುಸ್ತಕದಿಂದ ಶುರು ಮಾಡಲಿ?

ಪ್ರಶ್ನೆ:
ಕೋಡ್ ಬರೆಯುತ್ತೇನೆ, ಸಾರ್ಟಿಂಗ್, ಬೈನರಿ ಸರ್ಚ್ ಎಲ್ಲ ಗೊತ್ತು. ಹೊಸ ಸಮಸ್ಯೆ ಎದುರಾದರೆ ಮಾತ್ರ ಕೈಕಾಲು ಆಡುವುದಿಲ್ಲ. ಎಲ್ಲರೂ ಕಾರ್ಮೆನ್ ಮತ್ತಿತರರು ಬರೆದ 'ಇಂಟ್ರೊಡಕ್ಷನ್ ಟು ಅಲ್ಗಾರಿದಮ್ಸ್' ಓದು ಅಂತಾರೆ, ಅದು ನೋಡಿದರೆ ಸಾವಿರಕ್ಕೂ ಜಾಸ್ತಿ ಪುಟ. ಅದರಿಂದಲೇ ಶುರು ಮಾಡಲಾ?

ಉತ್ತರ 1:
ಬೇಡ. 1990ರಿಂದ ಇರುವ ಪುಸ್ತಕ, 2022ರಲ್ಲಿ ನಾಲ್ಕನೇ ಆವೃತ್ತಿ ಬಂತು, ಬೇಕಾದಾಗ ತೆಗೆದು ನೋಡೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಿಮಗೆ ಬೇಕಿರುವುದು ಯೋಚಿಸುವ ದಾರಿ ಅಲ್ವಾ? ಕ್ಲೈನ್‌ಬರ್ಗ್ ಮತ್ತು ಟಾರ್ಡೋಸ್ ಬರೆದ 'ಅಲ್ಗಾರಿದಮ್ ಡಿಸೈನ್' ಹಿಡಿಯಿರಿ. ಗ್ರೀಡಿ (ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಒಳ್ಳೆಯದು ಅನಿಸಿದ್ದನ್ನು ಆರಿಸುವ ವಿಧಾನ) ಅಧ್ಯಾಯದಲ್ಲಿ ಇಂಟರ್ವಲ್ ಶೆಡ್ಯೂಲಿಂಗ್ ನೋಡಿ. ಸಮಯ ಒಂದರ ಮೇಲೊಂದು ಬೀಳದ ಹಾಗೆ ಆದಷ್ಟು ಜಾಸ್ತಿ ಕೆಲಸ ಆರಿಸಬೇಕು. ಬೇಗ ಶುರುವಾಗುವುದನ್ನು ಆರಿಸಿದರೆ ತಪ್ಪು, ಚಿಕ್ಕದನ್ನು ಆರಿಸಿದರೂ ತಪ್ಪು, ಬೇಗ ಮುಗಿಯುವುದನ್ನು ಆರಿಸಿದರೆ ಸರಿ, ಅದು ಯಾಕೆ ಸರಿ ಅಂತ ಸಾಧಿಸಿಯೂ ತೋರಿಸುತ್ತಾರೆ.

ಉತ್ತರ 2:
ಡೈನಾಮಿಕ್ ಪ್ರೋಗ್ರಾಮಿಂಗ್ (ಡಿಪಿ, ಅಂದರೆ ಸಮಸ್ಯೆಯನ್ನು ಚಿಕ್ಕ ಭಾಗಗಳಾಗಿ ಒಡೆದು ಅವುಗಳ ಉತ್ತರ ಟೇಬಲ್‌ನಲ್ಲಿ ಉಳಿಸಿಟ್ಟುಕೊಳ್ಳುವ ವಿಧಾನ) ತಲೆಗೆ ಹೋಗದಿದ್ದರೆ ಜೆಫ್ ಎರಿಕ್ಸನ್ ಪುಸ್ತಕ ಓದಿ, ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ರಿಕರ್ಷನ್ (ಸಮಸ್ಯೆಯನ್ನು ಅದೇ ಥರದ ಚಿಕ್ಕ ಸಮಸ್ಯೆಗಳಾಗಿ ಬಿಡಿಸುವುದು), ಆಮೇಲೆ ಬ್ಯಾಕ್‌ಟ್ರ್ಯಾಕಿಂಗ್ (ಒಂದು ದಾರಿ ಹಿಡಿದು, ಆಗದಿದ್ದರೆ ಹಿಂದೆ ಬಂದು ಬೇರೆ ದಾರಿ ನೋಡುವುದು), ಅದಾದ ಮೇಲೆ ಡಿಪಿ. ಸುಮ್ನೆ ಟೇಬಲ್ ತುಂಬುವುದಲ್ಲ, ಮೊದಲು ರಿಕರೆನ್ಸ್ (ದೊಡ್ಡ ಸಮಸ್ಯೆಯ ಉತ್ತರ ಚಿಕ್ಕವುಗಳ ಉತ್ತರದಿಂದ ಹೇಗೆ ಬರುತ್ತದೆ ಅನ್ನುವ ಸೂತ್ರ) ಸರಿಯಾಗಿ ಬರೆಯಬೇಕು ಅನ್ನುವುದು ಅಲ್ಲಿ ಚೆನ್ನಾಗಿ ಮನಸ್ಸಿಗೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಪ್ರೂಫ್ ಬಿಟ್ಟು ಓದಬಹುದಾ?

ಉತ್ತರ 1:
ದಯವಿಟ್ಟು ಬಿಡಬೇಡಿ. ಗ್ರೀಡಿಯಲ್ಲಿ ತಪ್ಪು ಉಪಾಯವೂ ನೋಡೋಕೆ ಸರಿಯಾಗೇ ಕಾಣುತ್ತದೆ.