ಹಳೇ ಕಾರಿನ ತಗಡು ಕೆಲಸ: ತುಕ್ಕು ತಡೆಯುವ ಶೀಟ್ ಯಾವುದು ಹಾಕಲಿ?

ಹಳೇಗಾಡಿ ಕೇಳಿದ್ದು:

ಅಪ್ಪ ಓಡಿಸುತ್ತಿದ್ದ ಕಾರು ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಗಟ್ಟಿಮುಟ್ಟಾಗಿದೆ. ತೊಂದರೆ ಎಲ್ಲ ತಗಡಿನಲ್ಲಿ. ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಎರಡು ಬಾಗಿಲುಗಳ ತಳ, ಇಷ್ಟೂ ಕಡೆ ತುಕ್ಕು ತಿಂದುಹಾಕಿದೆ. ನಾಲ್ಕು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಸಿಲ್‌ಗೆ ಪ್ಯಾಚ್ ಹಾಕಿಸಿದ್ದೆ. ಎರಡು ವರ್ಷ ಕಳೆಯುವ ಹೊತ್ತಿಗೆ ಬಣ್ಣದ ಅಡಿ ಗುಳ್ಳೆ ಎದ್ದಿತು. ಮೊನ್ನೆ ಒಂದು ಗುಳ್ಳೆಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಒತ್ತಿದೆ. ಮೊದಲು ಬಣ್ಣ ಬಿರಿಯಿತು, ಆಮೇಲೆ ಪುಟ್ಟಿಯ ಚೂರು ಉದುರಿತು, ಆಮೇಲೆ ಸ್ಕ್ರೂಡ್ರೈವರ್ ಯಾವ ತಡೆಯೂ ಇಲ್ಲದೆ ಹಿಡಿಯ ತನಕ ಒಳಗೆ ಹೋಯಿತು. ಹೊಟ್ಟೆ ಉರಿದುಹೋಯಿತು.

ಈ ಸಲ ನಾನೇ ಕತ್ತರಿಸಿ ನಾನೇ ವೆಲ್ಡ್ ಮಾಡಬೇಕು ಅಂತಿದ್ದೇನೆ. ಮಿಗ್ ಮೆಷಿನ್ ಇದೆ, ಕೈಯೂ ಒಂದು ಮಟ್ಟಕ್ಕೆ ಕುಳಿತಿದೆ. ಪ್ರಶ್ನೆ ಇರುವುದು ಶೀಟಿನ ಬಗ್ಗೆ. ಮಾಮೂಲಿ ಸಿಆರ್ (ತಣ್ಣಗೆ ರೋಲ್ ಮಾಡಿದ ಸಾದಾ ಉಕ್ಕು) ಶೀಟ್ ಹಾಕಿದರೆ ಮತ್ತೆ ಇದೇ ಕಥೆ ಆಗುವುದಿಲ್ಲವೇ? ಸತು ಲೇಪದ ಜಿಐ ಶೀಟ್ ಹಾಕಲೇ? ಒಬ್ಬರು ಸ್ಟೇನ್‌ಲೆಸ್ 304 ಹಾಕು, ಜೀವಮಾನದಲ್ಲಿ ತುಕ್ಕು ಹಿಡಿಯಲ್ಲ ಅಂದರು. ಇನ್ನೊಬ್ಬರು ಕಾರ್ಟೆನ್ ಅಂದರು, ಮೇಲೆ ಕೂರುವ ತುಕ್ಕಿನ ಪದರವೇ ಒಳಗಿನದನ್ನು ಕಾಪಾಡುವ ಉಕ್ಕಂತೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಇನ್ನೊಂದು ಸಲ ಈ ಕಾರನ್ನು ಕತ್ತರಿಸುವ ಮನಸ್ಸಿಲ್ಲ.

ಸುತ್ತಿಗೆ_ದಿಂಬು:

ಸ್ಟೇನ್‌ಲೆಸ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಲು ಚೆನ್ನಾಗಿರುತ್ತದೆ, ಎಷ್ಟೋ ಜನ ಅದಕ್ಕೇ ಬೀಳುತ್ತಾರೆ.

304 ಶೀಟಿನಲ್ಲಿ ಶಾಖ ಹರಡುವುದು ಮಾಮೂಲಿ ಉಕ್ಕಿಗಿಂತ ಸುಮಾರು ಮೂರು ಪಟ್ಟು ನಿಧಾನ. ಬಿಸಿಗೆ ಹಿಗ್ಗುವುದು ಮಾತ್ರ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಎರಡೂ ಸೇರಿದರೆ ಏನಾಗುತ್ತದೆ ಯೋಚಿಸಿ. ವೆಲ್ಡ್ ಹಾಕಿದ ಜಾಗದಲ್ಲೇ ಶಾಖ ಕೂತು ಶೀಟ್ ಸೊಟ್ಟಗಾಗುತ್ತದೆ. ಸುತ್ತಿಗೆಯಲ್ಲಿ ಸರಿ ಮಾಡಲು ಹೋದರೆ ಬಡಿದಷ್ಟೂ ಗಡುಸಾಗುತ್ತದೆ. ಬಣ್ಣವೂ ಅದರ ಮೇಲೆ ಸುಲಭವಾಗಿ ಕಚ್ಚುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸ್ಟೇನ್‌ಲೆಸ್ ಪಕ್ಕದಲ್ಲಿ ಮಾಮೂಲಿ ಉಕ್ಕು ಇದ್ದು ನಡುವೆ ನೀರು ನಿಂತರೆ, ನಿಮ್ಮ ಪ್ಯಾಚ್ ಹೊಳೆಯುತ್ತಾ ಇರುತ್ತದೆ, ಪಕ್ಕದ ಹಳೇ ತಗಡು ಬೇಗ ಕರಗುತ್ತದೆ. ಡೆಲೋರಿಯನ್ ಕಾರಿಗೆ 1981ರಲ್ಲಿ 304ರ ಹೊರತಗಡು ಹಾಕಿದರಲ್ಲ ಅಂತ ಯಾರಾದರೂ ಹೇಳಬಹುದು. ಅದಕ್ಕೆ ಬಣ್ಣವೇ ಇರಲಿಲ್ಲ, ತಗಡಿನ ಒಳಗಿದ್ದದ್ದು ಫೈಬರ್‌ಗ್ಲಾಸ್. ಅದರ ಚಾಸಿ ಮಾಮೂಲಿ ಉಕ್ಕಿನದು, ಅದಕ್ಕೆ ತುಕ್ಕು ಹಿಡಿಯುತ್ತದೆ.

ಕಾರ್ಟೆನ್ ಕೂಡ ಬಿಡಿ. ಅದರ ಮೇಲೆ ಕಾಪಾಡುವ ಪದರ ಕೂರಬೇಕಾದರೆ ನೆನೆಯಬೇಕು, ಒಣಗಬೇಕು, ಮತ್ತೆ ನೆನೆಯಬೇಕು. ಸಿಲ್ ಒಳಗೆ ಒಣಗುವುದೆಲ್ಲಿ?

ನನ್ನ ಮಾತು ಕೇಳುವುದಾದರೆ, ಹೊರಗೆ ಕಾಣುವ, ಗುಂಡು ತಿರುವು ಇರುವ ಭಾಗಕ್ಕೆಲ್ಲ ಮೆತ್ತಗಿನ ಸಿಆರ್ ಶೀಟ್ ಸಾಕು. ಯುರೋಪಿನ ಲೆಕ್ಕದಲ್ಲಿ ಡಿಸಿ01, ಚಕ್ರದ ಕಮಾನಿನಂಥ ಆಳದ ಆಕಾರಕ್ಕೆ ಇನ್ನೂ ಮೆತ್ತಗಿನ ಡಿಸಿ04. ಹಳೇ ಕಾರಿನ ತಗಡೂ ಇಂಥದ್ದೇ ಕಡಿಮೆ ಕಾರ್ಬನ್ ಉಕ್ಕು, ಹಾಗಾಗಿ ಹೊಸದು ಹಳೆಯದು ಒಂದೇ ಥರ ಹಿಗ್ಗುತ್ತದೆ, ಸುತ್ತಿಗೆ ಏಟಿಗೆ ಒಂದೇ ಥರ ಬಗ್ಗುತ್ತದೆ. ಬಿಸಿ ರೋಲ್ ಮಾಡಿದ ಕಪ್ಪು ಶೀಟ್ ತರಬೇಡಿ, ಅದರ ಮೇಲಿನ ಕಪ್ಪು ಪೊರೆ ಬಣ್ಣವನ್ನು ಎತ್ತಿಬಿಡುತ್ತದೆ.

ದಪ್ಪ ಕೇಳುವಾಗ ಗೇಜ್ ನಂಬರ್ ಹೇಳಬೇಡಿ, ಮಿಲಿಮೀಟರಿನಲ್ಲೇ ಕೇಳಿ. ಅಮೆರಿಕದ ಪಟ್ಟಿಯಲ್ಲಿ 20 ಗೇಜ್ ಅಂದರೆ ಸಾದಾ ಶೀಟಿಗೆ 0.91 ಮಿಮೀ, ಗ್ಯಾಲ್ವನೈಸ್ ಮಾಡಿದ್ದಕ್ಕೆ 1.0 ಮಿಮೀ. ನಿಮ್ಮ ಕಾರಿನಲ್ಲೇ ತುಕ್ಕಿಲ್ಲದ ಜಾಗ ಹುಡುಕಿ, ಎರಡೂ ಬದಿಯ ಬಣ್ಣ ಕೆರೆದು ಮೈಕ್ರೋಮೀಟರ್ ಇಟ್ಟು ಅಳೆಯಿರಿ. ದಪ್ಪ ಜಾಸ್ತಿ ಆದರೆ ಗಟ್ಟಿ ಅಲ್ವಾ ಅಂತ 1.2 ಹಾಕುವವರಿದ್ದಾರೆ. ಆಗ ವೆಲ್ಡ್ ಮಾಡುವಾಗ ತೆಳು ಕಡೆ ತೂತು ಬೀಳುತ್ತದೆ, ದಪ್ಪ ಕಡೆ ಸರಿಯಾಗಿ ಕರಗುವುದೇ ಇಲ್ಲ.

ನೀಲಿ_ಜ್ವಾಲೆ:

ಸ್ಟೇನ್‌ಲೆಸ್ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ಆದರೆ ಎಲ್ಲ ಕಡೆಗೂ ಸಾದಾ ಸಿಆರ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಿಲ್ ಒಳಗಿನ ಗೋಡೆ, ಫ್ಲೋರ್, ಜಾಕ್ ಕೂರುವ ಜಾಗ, ಇಲ್ಲೆಲ್ಲ ಒಂದು ಸಲ ಮುಚ್ಚಿದ ಮೇಲೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಸತುವಿನ ಲೇಪ ಇರುವ ಶೀಟೇ ಬೇಕು. ಪೋರ್ಷೆಯವರು 911ಕ್ಕೆ 1976ರ ಮಾಡೆಲ್‌ನಿಂದ ಸತು ಲೇಪದ ಶೀಟ್ ಹಾಕಿದ್ದು ಸುಮ್ನೆ ಅಲ್ಲ.

ಸತು ಲೇಪದಲ್ಲೂ ಬಗೆ ಇದೆ. ನಾವು ಜಿಐ ಅನ್ನುವುದು ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಝಡ್275 ಅಂತ ಇದ್ದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 275 ಗ್ರಾಂ ಸತು, ಅಂದರೆ ಒಂದೊಂದು ಬದಿಗೆ ಸುಮಾರು 20 ಮೈಕ್ರಾನ್. ಇನ್ನೊಂದು ವಿದ್ಯುತ್ತಿನಿಂದ ಲೇಪ ಮಾಡಿದ್ದು, ಝಿಂಟೆಕ್ ಅಂತ ಕೇಳಿರಬಹುದು, ಅದರಲ್ಲಿ ಸಾಮಾನ್ಯವಾಗಿ ಒಂದು ಬದಿಗೆ 2.5 ಮೈಕ್ರಾನ್ ಮಾತ್ರ. ಲೇಪ ತೆಳು, ಆದರೆ ಮಡಚಿದರೆ ಸಿಪ್ಪೆ ಏಳುವುದಿಲ್ಲ, ವೆಲ್ಡ್‌ಗೆ ಅಷ್ಟು ತೊಂದರೆ ಕೊಡುವುದಿಲ್ಲ, ಬಣ್ಣಕ್ಕೂ ನುಣುಪಾದ ಮೈ ಸಿಗುತ್ತದೆ. ನೆಟ್ಟಗಿನ ಮಡಿಕೆಗಳಿರುವ ಒಳಭಾಗಗಳಿಗೆ ನಾನು ಇದನ್ನೇ ಬಳಸುತ್ತೇನೆ. ಮೇಲೆ ಎಪಾಕ್ಸಿ ಪ್ರೈಮರ್ (ಎರಡು ಭಾಗ ಬೆರೆಸಿ ಹಾಕುವ ಅಡಿಬಣ್ಣ) ಬೇಕೇ ಬೇಕು, 2.5 ಮೈಕ್ರಾನ್ ಒಂದೇ ಹೊರಗಿನ ನೀರಿಗೆ ತಡೆಯುವುದಿಲ್ಲ.

ಈಗ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸತು ಆವಿಯಾಗುವುದು 907 ಡಿಗ್ರಿಗೆ, ಉಕ್ಕು ಕರಗುವುದು 1500ರ ಹತ್ತಿರ. ಅಂದರೆ ಉಕ್ಕು ಕರಗುವ ಮೊದಲೇ ಸತು ಹೊಗೆಯಾಗಿ ಏಳುತ್ತದೆ. ವೆಲ್ಡ್ ಒಳಗೆ ಸಣ್ಣ ಸಣ್ಣ ತೂತು ಬೀಳುವುದು ಇದರಿಂದಲೇ. ಕೆಲಸ ಕಲಿಯುವ ದಿನಗಳಲ್ಲಿ ಮುಚ್ಚಿದ ಶೆಡ್ಡಿನಲ್ಲಿ ಜಿಐ ಶೀಟಿಗೆ ಮಧ್ಯಾಹ್ನವೆಲ್ಲ ವೆಲ್ಡ್ ಹಾಕಿದ್ದೆ. ಬಿಳಿ ನೂಲಿನಂಥ ಬೂದಿ ಗಾಳಿಯಲ್ಲಿ ತೇಲುತ್ತಿತ್ತು. ರಾತ್ರಿ ಹಲ್ಲು ಕಟಕಟ ಅನ್ನುವಷ್ಟು ಚಳಿ, ಬಾಯಲ್ಲಿ ಲೋಹದ ರುಚಿ, ಮೈಕೈ ನೋವು. ಮಾರನೇ ದಿನ ಇಳಿಯಿತು, ಆದರೆ ಆ ರಾತ್ರಿ ಮರೆಯುವಂಥದ್ದಲ್ಲ. ಅಂದಿನಿಂದ ವೆಲ್ಡ್ ಗೆರೆಯ ಎರಡೂ ಪಕ್ಕ, ಮೇಲೂ ಕೆಳಗೂ, ಒಂದಿಂಚಾದರೂ ಸತುವನ್ನು ಫ್ಲ್ಯಾಪ್ ಡಿಸ್ಕಿನಲ್ಲಿ ಉಜ್ಜಿ ತೆಗೆಯದೆ ವೆಲ್ಡಿಂಗ್ ಟಾರ್ಚ್ ಮುಟ್ಟುವುದಿಲ್ಲ. ಹೊಗೆಗೆ ತಕ್ಕ ಫಿಲ್ಟರ್ ಇರುವ ಮಾಸ್ಕ್, ತೆರೆದ ಬಾಗಿಲು, ಇವೂ ಬೇಕು.

ಬಣ್ಣದ_ಕೆಲಸ:

ಸತುವಿನ ಮೇಲೆ ಸಿಕ್ಕ ಪ್ರೈಮರ್ ಬಳಿಯಬೇಡಿ. ಆಲ್ಕಿಡ್ ಎನಾಮೆಲ್ ನೇರವಾಗಿ ಹಾಕಿದರೆ ಅದರ ಎಣ್ಣೆ ಸತುವಿನ ಜೊತೆ ಸೇರಿ ಸೋಪಿನ ಥರ ಆಗುತ್ತದೆ, ಸ್ವಲ್ಪ ದಿನಕ್ಕೆ ಬಣ್ಣ ಹಾಳೆ ಹಾಳೆಯಾಗಿ ಬಿಡುತ್ತದೆ. ಎಣ್ಣೆ ಜಿಡ್ಡು ಒರೆಸಿ, ನಯವಾಗಿ ಉಜ್ಜಿ, ಎರಡು ಭಾಗದ ಎಪಾಕ್ಸಿ ಹಾಕಿ. ಪುಟ್ಟಿ ಬರುವುದು ಅದರ ಮೇಲೆ. ಬರಿ ತಗಡಿನ ಮೇಲೆ ಪುಟ್ಟಿ ಮೆತ್ತಿದರೆ ಅದು ತೇವ ಹೀರಿ ತಗಡಿಗೇ ಕೊಡುತ್ತದೆ.

ನಿಮ್ಮ ಹಳೇ ಪ್ಯಾಚ್ ಹಾಳಾಗಿದ್ದು ಶೀಟಿನಿಂದ ಅಂತ ನನಗೆ ಅನ್ನಿಸುವುದಿಲ್ಲ. ಗುಳ್ಳೆ ಎದ್ದದ್ದು ಎಲ್ಲಿ? ಪ್ಯಾಚಿನ ನಡುವೆಯೋ, ವೆಲ್ಡ್ ಗೆರೆಯ ಮೇಲೋ? ಅದನ್ನು ಪೂರ್ತಿ ಕತ್ತರಿಸಿ ಹಿಂಭಾಗ ನೋಡಿ ಹೇಳಿ.

ಹಳೇಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪ್ಯಾಚ್ ಕತ್ತರಿಸಿ ತೆಗೆದೆ. ಗುಳ್ಳೆಗಳೆಲ್ಲ ವೆಲ್ಡ್ ಗೆರೆ ಹಿಡಿದೇ ಇದ್ದವು, ನಡುವಿನ ಶೀಟ್ ಇನ್ನೂ ಗಟ್ಟಿ! ತುಕ್ಕು ಹಿಡಿದ ಹಳೇ ತಗಡನ್ನು ಕತ್ತರಿಸಿಯೇ ಇರಲಿಲ್ಲ, ಅದರ ಮೇಲೆ ಒಂದಿಂಚು ಹತ್ತಿಸಿ ಹೊಸದನ್ನು ಕೂರಿಸಿ ಅಲ್ಲಲ್ಲಿ ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಹಾಕಿದ್ದಾರೆ. ಎರಡು ತಗಡಿನ ನಡುವೆ ಒದ್ದೆ ಮಣ್ಣು, ಕೈಯಲ್ಲಿ ಹಿಂಡಿದರೆ ನೀರು ಬರುತ್ತಿತ್ತು. ಹಿಂಬದಿಗೆ ಬಣ್ಣದ ಸುಳಿವೇ ಇಲ್ಲ. ಸಿಲ್ ತಳದಲ್ಲಿ ನೀರು ಹೋಗುವ ತೂತು ಎರಡಿತ್ತು, ಪ್ಯಾಚ್ ಅವನ್ನು ಮುಚ್ಚಿಬಿಟ್ಟಿತ್ತು. ಒಳ್ಳೆ ಜಾಗದಲ್ಲಿ ಅಳೆದೆ, 0.9 ಬಂತು.

ಸುತ್ತಿಗೆ_ದಿಂಬು:

ಹಾಗಾದರೆ 0.9ರದ್ದೇ ತನ್ನಿ, ಹೊರಗೆ ಸಿಆರ್, ಸಿಲ್ ಒಳಗೋಡೆಗೆ ನೀಲಿ ಜ್ವಾಲೆಯವರು ಹೇಳಿದ ತೆಳು ಲೇಪದ್ದು. ಆ ಜಾಗಕ್ಕೆ ಅವರು ಹೇಳಿದ್ದೇ ಸರಿ, ನಾನು ಹೊರಭಾಗವನ್ನು ಮಾತ್ರ ಯೋಚಿಸಿದ್ದೆ.

ತುಕ್ಕಿನ ಗುರುತು ಇಲ್ಲದ ತಗಡು ಸಿಗುವ ತನಕ ಕತ್ತರಿಸಿ. ಹೊರಗಿನ ತಗಡನ್ನು ಒಂದರ ಮೇಲೊಂದು ಹತ್ತಿಸದೆ ಅಂಚಿಗೆ ಅಂಚು ಕೂಡಿಸಿ, 0.6 ಮಿಮೀ ವೆಲ್ಡಿಂಗ್ ತಂತಿಯಲ್ಲಿ ಒಂದು ಟ್ಯಾಕ್ ಇಲ್ಲಿ, ಇನ್ನೊಂದು ಗೇಣು ದೂರದಲ್ಲಿ, ಕೈಯಿಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆ ಮುಂದಿನದು. ಸಿಲ್ ತಳದ ಅಂಚಿನಲ್ಲಿ ತಗಡು ಜೋಡಿ ಆಗಲೇಬೇಕು, ಅಲ್ಲಿ ಮುಚ್ಚುವ ಮೊದಲು ಎರಡೂ ಮೈಗೆ ವೆಲ್ಡ್ ಶಾಖ ತಾಳುವ ವೆಲ್ಡ್-ಥ್ರೂ ಪ್ರೈಮರ್ ಹೊಡೆದು, ವೆಲ್ಡ್ ಬೀಳುವ ಚುಕ್ಕೆಯಲ್ಲಿ ಮಾತ್ರ ಒರೆಸಿ. ಬಣ್ಣ ಎಲ್ಲ ಮುಗಿದು ಒಣಗಿದ ಮೇಲೆ ಉದ್ದ ಪೈಪಿನ ನಳಿಕೆಯಲ್ಲಿ ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನ ಒಳಮೈಗೆ ತುಕ್ಕು ತಡೆಯುವ ಮೇಣ) ಬಿಡಿ. ವೆಲ್ಡ್ ಹಾಕಿದ ಜಾಗದ ಹಿಂಬದಿಗೆ ಇದೊಂದೇ ತಲುಪುವುದು.

ನೀರಿನ ತೂತುಗಳ ಜಾಗವನ್ನು ಕಾರಿನ ಇನ್ನೊಂದು ಬದಿಯ ಸಿಲ್ ನೋಡಿ ಅಳತೆ ತೆಗೆದುಕೊಳ್ಳಿ. ಶೀಟ್ ಕೂರಿಸುವ ಮೊದಲೇ ಕೊರೆಯಿರಿ, ಆಗ ತೂತಿನ ಅಂಚಿಗೂ ಎಪಾಕ್ಸಿ ಹಿಡಿಯುತ್ತದೆ. ವ್ಯಾಕ್ಸ್ ಬಿಟ್ಟ ಮಾರನೇ ದಿನ ಒಂದು ತಂತಿ ತೂರಿಸಿ ನೋಡಿ, ವ್ಯಾಕ್ಸೇ ತೂತು ಮುಚ್ಚಿರುವುದನ್ನು ನಾನು ಎರಡು ಕಾರಿನಲ್ಲಿ ಕಂಡಿದ್ದೇನೆ.