ಅಪ್‌ಡೇಟ್: ಟೊಮೆಟೊ ಕಾಯಿಯ ತಳ ಕಪ್ಪಾಗುವುದು ನಿಂತಿತು
ಕೋಲಾರದ ಬಳಿ ಮೊದಲ ಬಾರಿಗೆ ಟೊಮೆಟೊ ಬೆಳೆಯುತ್ತಿರುವ ನಾನು, ಕಾಯಿಗಳ ತಳ ಕಪ್ಪಾಗಿ ಕುಳಿಬೀಳುತ್ತಿರುವುದಕ್ಕೆ ಮೂರು ವಾರಗಳ ಹಿಂದೆ ನಿಮ್ಮಲ್ಲಿ ಪರಿಹಾರ ಕೇಳಿದ್ದೆ. ಶಿಲೀಂಧ್ರನಾಶಕದಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಇದು ಸೋಂಕಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದೆ ಉಂಟಾಗುವ ದೋಷ. ಅಚ್ಚರಿಯೆಂದರೆ, ಮಣ್ಣು ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿತ್ತು. ಅದು ಬೇರಿನಿಂದ ನೀರಿನೊಂದಿಗೇ ಸಾಗುವುದರಿಂದ, ನಾಲ್ಕು ದಿನ ಒಣಗಲು ಬಿಟ್ಟು ಐದನೆಯ ದಿನ ತುಂಬಿ ಹರಿಸುತ್ತಿದ್ದ ನನ್ನ ಕ್ರಮವೇ ಕಾಯಿಗಳನ್ನು ಕೆಡಿಸುತ್ತಿತ್ತು. ಹನಿ ನೀರಾವರಿಯಲ್ಲಿ ದಿನವೂ ಸ್ವಲ್ಪ ನೀರು ಕೊಟ್ಟು, ಬುಡಕ್ಕೆ ರಾಗಿ ಹುಲ್ಲು ಹೊದಿಸಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ಮನಃಪೂರ್ವಕ ಕೃತಜ್ಞತೆಗಳು. ಯೂರಿಯಾ ಕಡಿಮೆ ಮಾಡಿದ್ದೂ ನೆರವಾಗಿರಬೇಕು. ಮೊದಲೇ ಕಪ್ಪಾಗಿದ್ದ ಕಾಯಿಗಳು ಸರಿಹೋಗದ ಕಾರಣ ಕಿತ್ತುಹಾಕಿದೆ; ಆಮೇಲೆ ಕಚ್ಚಿದ ಕಾಯಿಗಳು ಕಲೆಯಿಲ್ಲದೆ ದಪ್ಪವಾಗುತ್ತಿವೆ.