ಕನ್ನಡಕ ಬಿಡಬಹುದಾ? ಕಣ್ಣಿನ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಗುಂಪಿನಲ್ಲೇ ಇರುವ ಕಣ್ಣಿನ ಡಾಕ್ಟರ್ ಮೇಡಂ ಇವತ್ತು ರಾತ್ರಿ ಎಂಟರಿಂದ ಬಿಡುವು ಮಾಡಿಕೊಂಡಿದ್ದಾರೆ. ಕನ್ನಡಕ, ಲೆನ್ಸ್, ಲೇಸರ್ ಬಗ್ಗೆ ಕೇಳಿ. ವಯಸ್ಸು, ಪವರ್ ತಪ್ಪದೆ ಬರೆಯಿರಿ. ಕೇಳಿದ್ದನ್ನೇ ಕೇಳಬೇಡಿ. ಫಾರ್ವರ್ಡ್ ಬೇಡ, ದಯವಿಟ್ಟು.

ಹೆಲ್ಮೆಟ್ ಸವಾರ: ಮೇಡಂ, 27 ವರ್ಷ, ಎರಡೂ ಕಣ್ಣು ಮೈನಸ್ 4. ಹೆಲ್ಮೆಟ್ ಹಾಕೋಕೆ ಮುಂಚೆ ಕನ್ನಡಕ ತೆಗೀಬೇಕು, ಹಾಕಿದ ಮೇಲೆ ಕಡ್ಡಿ ಎರಡನ್ನೂ ಕಿವಿ ಸಂದಿಗೆ ತುರುಕಬೇಕು. ಮಳೆ ಬಂದ್ರೆ ಗಾಜಿನ ಹೊರಗೆ ಹನಿ, ಒಳಗೆ ಹಬೆ. ಒಂದು ಕಡೆ ಸ್ಕ್ರೂ ಬಿದ್ದುಹೋಗಿ ಎರಡು ತಿಂಗಳಿಂದ ಗುಂಡುಸೂಜಿ ಬಗ್ಗಿಸಿ ಸಿಗಿಸಿದ್ದೀನಿ. ನಿನ್ನೆ ಅದರ ಮೇಲೇ ಕೂತೆ. ಸಾಕಾಗಿ ಹೋಗಿದೆ. ಲೇಸರ್ ಮಾಡಿಸಬಹುದಾ?

ಡಾಕ್ಟರ್: ವಯಸ್ಸು, ಪವರ್ ಎರಡೂ ಲೇಸರ್‌ಗೆ ಒಗ್ಗುವಂಥವೇ. ಕಳೆದ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಉಳಿದದ್ದನ್ನು ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ದಪ್ಪ, ಅದರ ಆಕಾರ, ಕಣ್ಣೀರಿನ ಪಸೆ, ಒಳಗೆ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರವಾದ ರೆಟಿನಾ ಹೇಳಬೇಕು. ಇಲ್ಲಿ ಕೂತು ನಾನು ಹೇಳುವುದಲ್ಲ. ಮೊದಲು ಆ ಸ್ಕ್ರೂ ಹಾಕಿಸಿ. ಕಣ್ಣಿನ ಪಕ್ಕದಲ್ಲಿ ಗುಂಡುಸೂಜಿ ಇಟ್ಟುಕೊಂಡು ಗಾಡಿ ಓಡಿಸುತ್ತಿದ್ದೀರಲ್ಲ!

ರಾತ್ರಿಪಾಳಿ: ನೋವಾಗುತ್ತಾ ಮೇಡಂ?

ಡಾಕ್ಟರ್: ಮರಗಟ್ಟಿಸುವ ಹನಿ ಹಾಕುತ್ತೇವೆ. ಮಾಡುವಾಗ ಒತ್ತಿದಂತಾಗುತ್ತದೆ, ಸ್ವಲ್ಪ ಹೊತ್ತು ಕತ್ತಲೆ ಕವಿಯಬಹುದು. ಕಾರ್ನಿಯಾದ ಮೇಲ್ಭಾಗವನ್ನು ಮುಚ್ಚಳದಂತೆ ಎತ್ತಿ ಮಾಡುವ ಲೇಸರ್ ಲಾಸಿಕ್, ಅದಾದಮೇಲೆ ಕೆಲವು ಗಂಟೆ ಉರಿ, ನೀರು. ಪಿಆರ್‌ಕೆಯಲ್ಲಿ ಮುಚ್ಚಳ ಎತ್ತುವುದಿಲ್ಲ, ಮೇಲಿನ ಚರ್ಮದಂಥ ಪದರವನ್ನೇ ತೆಗೆದು ಲೇಸರ್ ಮಾಡುತ್ತೇವೆ; ಅದು ಹೊಸದಾಗಿ ಬೆಳೆಯಬೇಕು, ಮೂರ್ನಾಲ್ಕು ದಿನ ಚೆನ್ನಾಗಿಯೇ ನೋಯುತ್ತದೆ.

ತಮ್ಮನ ಅಕ್ಕ: ಮೇಡಂ, ನನ್ನ ತಮ್ಮನಿಗೆ 21. ಎರಡು ವರ್ಷದಲ್ಲಿ ಇದು ನಾಲ್ಕನೇ ಕನ್ನಡಕ. ಈಗ ಬಲಗಣ್ಣು ಮೈನಸ್ 3.5, ಸಿಲಿಂಡರ್ 3.75. ಎಡಗಣ್ಣು ಮೈನಸ್ 2.5, ಸಿಲಿಂಡರ್ 1.5. ಹೊಸ ಕನ್ನಡಕ ಹಾಕಿದರೂ ರಾತ್ರಿ ದೀಪಗಳು ಬಾಲ ಬಿಟ್ಟ ಹಾಗೆ ಕಾಣುತ್ತವಂತೆ. ಅಂಗಡಿಯವರು ಸರಿಯಾಗಿ ನೋಡಿಲ್ಲ ಅಂತ ಎರಡು ಸಲ ಜಗಳ ಆಡಿ ಬಂದ. ಮುಂದಿನ ವಾರ ಲೇಸರ್‌ಗೆ ಹೆಸರು ಬರೆಸಿದ್ದಾನೆ. ಏನಾದರೂ ಎಚ್ಚರಿಕೆ ಬೇಕಾ?

ಡಾಕ್ಟರ್: ಅಲರ್ಜಿ ಇದೆಯಾ? ಕಣ್ಣು ಉಜ್ಜುತ್ತಾನಾ? ಹೇಗೆ ಉಜ್ಜುತ್ತಾನೆ? ಕಾರ್ನಿಯಾ ಸ್ಕ್ಯಾನ್ ಆಗಿದೆಯಾ?

ತಮ್ಮನ ಅಕ್ಕ: ಅಲರ್ಜಿ ಚಿಕ್ಕಂದಿನಿಂದಲೂ ಇದೆ. ಮುಷ್ಟಿ ಕಟ್ಟಿ ಬೆರಳ ಗೆಣ್ಣಿನಿಂದ ಗರಗರ ತಿರುಗಿಸುತ್ತಾನೆ, ನೋಡಿದರೆ ನಮಗೇ ನೋವಾಗುತ್ತೆ. ಸ್ಕ್ಯಾನ್ ಅವತ್ತು ಬೆಳಿಗ್ಗೆ ಮಾಡಿ ಮಧ್ಯಾಹ್ನ ಲೇಸರ್ ಅಂದಿದ್ದಾರೆ.

ಡಾಕ್ಟರ್: ಅಕ್ಕ, ಆ ದಿನಾಂಕ ನಾಳೆಯೇ ರದ್ದು ಮಾಡಿಸಿ. ಮುಂದೂಡುವುದಲ್ಲ, ರದ್ದು. ಉದ್ದಕ್ಕೇ ಬರೆಯುತ್ತೇನೆ, ತಮ್ಮನಿಗೂ ಓದಿಸಿ.

ಕಣ್ಣು ನೋಡದೆ ಕಾಯಿಲೆಯ ಹೆಸರು ಹೇಳಬಾರದು. ಆದರೆ ಈ ವಯಸ್ಸು, ಏರುತ್ತಲೇ ಇರುವ ಸಿಲಿಂಡರ್ (ಕಾರ್ನಿಯಾದ ಸೊಟ್ಟಕ್ಕೆ ಕೊಡುವ ಪವರ್), ಒಂದು ಕಣ್ಣಿಗೂ ಇನ್ನೊಂದಕ್ಕೂ ಹೊಂದದ ಪವರ್, ಹೊಸ ಗಾಜಿನಲ್ಲೂ ಬಾಲ ಬಿಡುವ ದೀಪ, ಅದರ ಮೇಲೆ ಗೆಣ್ಣಿನ ಉಜ್ಜಾಟ, ಇಷ್ಟೂ ಒಬ್ಬನಲ್ಲೇ ಇದ್ದರೆ ನನಗೆ ಮೊದಲು ಬರುವ ಅನುಮಾನ ಕೆರಟೋಕೋನಸ್.  ಕಾರ್ನಿಯಾ ಗುಮ್ಮಟದಂತೆ ದುಂಡಗಿರಬೇಕು. ಈ ಕಾಯಿಲೆಯಲ್ಲಿ ತೆಳುವಾಗುತ್ತಾ ಹೋಗಿ, ಹೆಚ್ಚಾಗಿ ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತದೆ. ಹಾಗೆ ಸೊಟ್ಟಗಾದ ಕಾರ್ನಿಯಾಕ್ಕೆ ಯಾವ ಕನ್ನಡಕವೂ ಪೂರ್ತಿ ಒಗ್ಗುವುದಿಲ್ಲ. ಪಾಪ, ಅಂಗಡಿಯವರದು ತಪ್ಪಿರಲಿಕ್ಕಿಲ್ಲ.

ಇಂಥ ಕಣ್ಣಿಗೆ ಲೇಸರ್ ಯಾಕೆ ಕೂಡದು? ಲೆಕ್ಕ ನೋಡಿ. ಸಾಮಾನ್ಯ ಕಾರ್ನಿಯಾ ನಡುವಿನಲ್ಲಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಒಂದು ಚೂರು ಜಾಸ್ತಿ. ಲಾಸಿಕ್‌ನಲ್ಲಿ ಮೇಲಿನ ಸುಮಾರು 110 ಮೈಕ್ರಾನನ್ನು ಮುಚ್ಚಳದಂತೆ ಎತ್ತುತ್ತೇವೆ. ಆಮೇಲೆ ವಾಪಸ್ ಹೊದಿಸಿದರೂ ಆ ಮುಚ್ಚಳ ಮೊದಲಿನ ಬಲ ಕೊಡುವುದಿಲ್ಲ. ಅದರ ಕೆಳಗೆ ಒಂದೊಂದು ಪವರ್‌ಗೆ ಸುಮಾರು 14 ಮೈಕ್ರಾನ್ ಸವೆಸುತ್ತೇವೆ. ಕೊನೆಗೆ ತಳದಲ್ಲಿ 250 ಆದರೂ ಉಳಿಯಲೇಬೇಕು. 300 ಉಳಿಯದಿದ್ದರೆ ನಾನಂತೂ ಕೈ ಹಾಕುವುದಿಲ್ಲ. ಇದು ಗಟ್ಟಿಮುಟ್ಟಾದ ಕಾರ್ನಿಯಾದ ಲೆಕ್ಕ. ಮೊದಲೇ ಸಡಿಲವಾದದ್ದನ್ನು ಇನ್ನಷ್ಟು ಸವೆಸಿದರೆ ಕಣ್ಣಿನೊಳಗಿನ ಒತ್ತಡಕ್ಕೆ ಅದು ಉಬ್ಬುತ್ತಲೇ ಹೋಗುತ್ತದೆ. ಅಲ್ಲಿಂದ ಕಾರ್ನಿಯಾ ಕಸಿಯವರೆಗೆ ಹೋದವರಿದ್ದಾರೆ.

ಈಗ ಮಾಡಬೇಕಾದದ್ದು ಕಾರ್ನಿಯಾ ಟೋಪೋಗ್ರಫಿ. ಅದು ಕಾರ್ನಿಯಾದ ಏರುತಗ್ಗಿನ ನಕ್ಷೆ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಅನುಮಾನ ನಿಜವಾಗಿ, ಕಾಯಿಲೆ ಬೆಳೆಯುತ್ತಿದ್ದರೆ ಕ್ರಾಸ್‌ಲಿಂಕಿಂಗ್ ಮಾಡುತ್ತಾರೆ: ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಹನಿ ಹಾಕಿ ಅತಿನೇರಳೆ ಬೆಳಕು ಬಿಡುವುದು. ಕಾರ್ನಿಯಾದ ನಾರುಗಳ ನಡುವೆ ಹೊಸ ಕೊಂಡಿಗಳು ಬಿಗಿದು ಬಹುತೇಕರಲ್ಲಿ ಉಬ್ಬುವುದು ನಿಲ್ಲುತ್ತದೆ. ಕನ್ನಡಕ ಹೋಗುವುದಿಲ್ಲ, ಇರುವ ದೃಷ್ಟಿ ಉಳಿಯುತ್ತದೆ. ಕನ್ನಡಕದಲ್ಲಿ ಕಾಣದ್ದು ಗಟ್ಟಿ ಲೆನ್ಸ್ ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್‌ನಲ್ಲಿ ಎಷ್ಟೋ ಜನಕ್ಕೆ ಚೆನ್ನಾಗಿ ಕಾಣುತ್ತದೆ. ಉಜ್ಜುವುದು ಇವತ್ತಿನಿಂದ ಬಂದ್. ತುರಿಕೆಗೆ ಹನಿ ಇದೆ, ಡಾಕ್ಟರ್ ಬರೆದುಕೊಡುತ್ತಾರೆ. ಇದು ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕಿರುತ್ತದೆ, ನೀವೂ ಒಂದು ನಕ್ಷೆ ತೆಗೆಸಿ.

ಬೆಳಿಗ್ಗೆ ಸ್ಕ್ಯಾನ್, ಮಧ್ಯಾಹ್ನ ಲೇಸರ್ ಅಂದರೆ ‘ನಿಮಗೆ ಆಗುವುದಿಲ್ಲ’ ಅಂತ ಹೇಳುವುದು ಯಾವಾಗ? ಊಟದ ಹೊತ್ತಿನಲ್ಲಾ?

ಬೆಳಗಿನ ಕಿರಣ: *ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ* ಲೇಸರ್ ಮಾಫಿಯಾಗೆ ಬಲಿಯಾಗಬೇಡಿ!! ದಿನಾ ಉದಯಿಸುವ ಸೂರ್ಯನನ್ನು ಬರಿಗಣ್ಣಲ್ಲಿ 5 ನಿಮಿಷ ದಿಟ್ಟಿಸಿ. ಮಲಗುವಾಗ ಕಣ್ಣಿಗೆ ಒಂದು ಹನಿ ಜೇನು. 21 ದಿನದಲ್ಲಿ ಕನ್ನಡಕ ಕಸದ ಬುಟ್ಟಿಗೆ. ಎಲ್ಲರಿಗೂ ಹಂಚಿ.

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ಸೂರ್ಯನನ್ನು ದಿಟ್ಟಿಸಿದರೆ ರೆಟಿನಾದ ನಟ್ಟನಡುವೆ ಹಾನಿಯಾಗುತ್ತದೆ. ಅಲ್ಲಿ ನೋವು ಗೊತ್ತಾಗುವುದಿಲ್ಲ, ಓದಲು ಕೂತಾಗ ಅಕ್ಷರದ ನಡುವೆ ಕಲೆ ಕಂಡಾಗಲೇ ತಿಳಿಯುವುದು. ಡಬ್ಬಿಯ ಜೇನು ಕ್ರಿಮಿರಹಿತವಲ್ಲ. ಬಹಳಷ್ಟು ಜನಕ್ಕೆ ಮೈನಸ್ ಬರುವುದು ಕಣ್ಣುಗುಡ್ಡೆ ಉದ್ದ ಬೆಳೆದದ್ದರಿಂದ. ಜೇನು ಬಿಟ್ಟರೆ ಗುಡ್ಡೆ ಗಿಡ್ಡವಾಗುತ್ತದೆಯೇ?

ನಲವತ್ಮೂರು: ಮೇಡಂ, 43, ಮೈನಸ್ 2.5. ಈಗೀಗ ಓದೋಕೆ ಕನ್ನಡಕ ತೆಗೆದರೇ ಚೆನ್ನಾಗಿ ಕಾಣುತ್ತೆ. ಲೇಸರ್ ಮಾಡಿಸಿದರೆ ಎಲ್ಲ ಸರಿಹೋಗುತ್ತಾ?

ಡಾಕ್ಟರ್: ದೂರದ್ದು ಸರಿಹೋಗಬಹುದು, ಚಾಳೀಸು ಬರುತ್ತದೆ. ಈಗ ನಿಮಗೆ ಹತ್ತಿರದ್ದು ಕಾಣುತ್ತಿರುವುದೇ ಮೈನಸ್ಸಿನ ದಯೆಯಿಂದ. ಎರಡೂ ಕಣ್ಣಿನ ಮೈನಸ್ ಪೂರ್ತಿ ತೆಗೆಸಿದ ಮೇಲೆ ‘ಮೊಬೈಲ್ ಓದಕ್ಕಾಗ್ತಿಲ್ಲ’ ಅಂತ ಬೈಯುತ್ತಾ ಬಂದವರನ್ನು ಕಂಡಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡಿಸುತ್ತಿರಲಿಲ್ಲ.

ಹೊಸ ಸೊಸೆ: ಮೇಡಂ, ಮೂರು ತಿಂಗಳ ಬಸುರಿ. ಹೆರಿಗೆಗೆ ಮುಂಚೆ ಮಾಡಿಸಿಕೊಳ್ಳಬಹುದಾ?

ಬೆಳಗಿನ ಕಿರಣ: ನಮ್ಮ ಸೋದರಮಾವನಿಗೆ 64. ವರ್ಷಗಟ್ಟಲೆ ಚಾಳೀಸು ಹಾಕಿದವರು ಈಗ ಅದಿಲ್ಲದೆ ಪತ್ರಿಕೆ ಓದ್ತಾರೆ. ಬರೀ ಜೇನು! ಇದಕ್ಕೇನಂತೀರಿ?

ಡಾಕ್ಟರ್: ಪೊರೆ ಬೆಳೆಯುತ್ತಿರಬಹುದು ಅಂತೀನಿ. ಒಂದು ಬಗೆಯ ಪೊರೆ ಶುರುವಾದಾಗ ಪವರ್ ಮೈನಸ್ ಕಡೆಗೆ ಸರಿದು ಸ್ವಲ್ಪ ಕಾಲ ಹತ್ತಿರದ್ದು ಬರಿಗಣ್ಣಿಗೇ ಕಾಣುತ್ತದೆ. ದೂರದ್ದು ಮಬ್ಬಾಗಿದೆಯಾ ಕೇಳಿ. ತೋರಿಸಲಿ.

ಮೈನಸ್ ಒಂಬತ್ತು: ನಮಸ್ತೆ ಮೇಡಂ. 38 ವರ್ಷ. ಇಷ್ಟು ಪವರ್‌ಗೂ ಲೇಸರ್ ಆಗುತ್ತಾ? ಎರಡು ದಿನದಿಂದ ಎಡಗಣ್ಣ ಅಂಚಲ್ಲಿ ಮಿಂಚು ಹೊಡೆದಂಗಾಗುತ್ತೆ, ಮಸಿ ಚೆಲ್ಲಿದಂಗೆ ಚುಕ್ಕಿ ಹಾರ್ತವೆ. ಲೇಸರ್ ಮಾಡಿಸಿದ್ರೆ ಅದೂ ಹೋಗುತ್ತಾ?

ಬೆಳಗಿನ ಕಿರಣ: ಎಲ್ಲದಕ್ಕೂ ಒಂದು ಕಾಯಿಲೆ ಹೆಸರು ಇಟ್ಕೊಂಡಿರ್ತಾರೆ. ಲೇಸರ್ ಅಷ್ಟು ಒಳ್ಳೇದಾದ್ರೆ ಕಣ್ಣಿನ ಡಾಕ್ಟರುಗಳೇ ಯಾಕೆ ಕನ್ನಡಕ ಹಾಕ್ತಾರೆ? ಮೇಡಂ ಫೋಟೋದಲ್ಲೂ ಇದೆ.

ಹೆಲ್ಮೆಟ್ ಸವಾರ: ರೀ, ಮಾತಿಗೆ ಮಿತಿ ಇರಲಿ. ಅವರು ಪುಕ್ಕಟೆ ಸಮಯ ಕೊಡ್ತಿದ್ದಾರೆ.

ಬೆಳಗಿನ ಕಿರಣ: ನಾನು ಕೇಳಿದ್ದು ಪ್ರಶ್ನೆ. ನೀವ್ಯಾರು ಉತ್ತರ ಕೊಡೋಕೆ? ಕಣ್ಣು ಸುಡೋದಕ್ಕೆ ಇಷ್ಟು ಜನ ಸಾಲು ನಿಂತಿದ್ದೀರಲ್ಲ.

ಮಾಡಿಸಿಕೊಂಡವ: ಸುಡೋದು ನಿಜ ಕಣ್ರೀ. ಎರಡು ವರ್ಷ ಆಯ್ತು, ಮಾಡುವಾಗ ಕೂದಲು ಸುಟ್ಟ ವಾಸನೆ ನನಗೇ ಬಂತು. ಆದ್ರೆ ಈಗ ಚೆನ್ನಾಗಿ ಕಾಣುತ್ತೆ. ಆರು ತಿಂಗಳು ಕಣ್ಣು ಒಣಗ್ತಿತ್ತು, ಹನಿ ಹಾಕಿದೆ, ಸರಿ ಆಯ್ತು.

ಡಾಕ್ಟರ್: ವಾಸನೆ ಬರುತ್ತದೆ, ಆದರೆ ಅದು ಬೆಂಕಿಯ ಸುಡುವಿಕೆಯಲ್ಲ. ಇದಕ್ಕೆ ಬಳಸುವ ಎಕ್ಸೈಮರ್ ಲೇಸರ್ 193 ನ್ಯಾನೋಮೀಟರಿನ ಅತಿನೇರಳೆ ಕಿರಣ. ಅಣುಗಳ ಬಂಧ ಕಡಿದು ಪದರವನ್ನು ಹಾರಿಸುತ್ತದೆ, ಸುತ್ತಲಿನ ಭಾಗ ಬೇಯುವುದಿಲ್ಲ. ಐಬಿಎಂ ಪ್ರಯೋಗಾಲಯದಲ್ಲಿ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಮೊದಲು ಕಂಡದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ. ಕಣ್ಣಿನ ತಂಟೆಗೆ ಬಂದದ್ದು ಆಮೇಲೆ.

ಇನ್ನು ನನ್ನ ಕನ್ನಡಕ. ಕಾರ್ನಿಯಾ 472 ಮೈಕ್ರಾನ್, ಪವರ್ ಮೈನಸ್ 7. ಮೇಲೆ ಲೆಕ್ಕ ಹೇಳಿದ್ದೇನೆ, ನೀವೇ ಹಾಕಿ.

ತಮ್ಮನ ಅಕ್ಕ: 110 ಕಳೆದರೆ 362. ಇನ್ನು 98 ಹೋದರೆ 264. ಅಯ್ಯೋ.

ಕಾಲೇಜು ಹುಡುಗ: ಮೇಡಂ ನೋವಾಗುತ್ತಾ?

ಡಾಕ್ಟರ್: ಮೇಲೆ ಓದಿ.

ಲೆನ್ಸ್ ಹುಡುಗಿ: ಲೆನ್ಸ್ ದ್ರಾವಣ ಖಾಲಿಯಾದಾಗ ನಲ್ಲಿ ನೀರಲ್ಲಿ ತೊಳೀತೀನಿ, ಏನೂ ಆಗಿಲ್ಲ. ಸ್ಕ್ಯಾನ್‌ಗೆ ಲೆನ್ಸ್ ಹಾಕ್ಕೊಂಡೇ ಹೋಗಬಹುದಾ?

ಡಾಕ್ಟರ್: ಮೆತ್ತನೆ ಲೆನ್ಸ್ ಆದರೆ ಒಂದೆರಡು ವಾರ ಬಿಟ್ಟು ಹೋಗಬೇಕು, ಇಲ್ಲದಿದ್ದರೆ ನಕ್ಷೆ ಸುಳ್ಳು ಹೇಳುತ್ತದೆ. ನಲ್ಲಿ ನೀರು ಬೇಡವೇ ಬೇಡ. ಅಕಾಂತಮೀಬಾ ಅನ್ನುವ ಜೀವಿ ನೀರಿನಲ್ಲಿರುತ್ತದೆ, ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ. ‘ಏನೂ ಆಗಿಲ್ಲ’ ಅನ್ನುವುದು ಇಲ್ಲಿಯವರೆಗಿನ ಮಾತು.

ಬೆಳಗಿನ ಕಿರಣ: ಜೇನಿಗೆ ಉತ್ತರ ಕೊಡೋಕಾಗದೆ ಕೋಳಿ ಕಥೆ ಹೇಳ್ತಿದ್ದಾರೆ.

ಅಡ್ಮಿನ್: ಕಿರಣ ಅವರೇ, ಇನ್ನೊಂದು ಫಾರ್ವರ್ಡ್ ಬಂದರೆ ತೆಗೆದುಹಾಕುತ್ತೇನೆ. ಸವಾರರೇ, ನೀವೂ ಸಾಕು ಮಾಡಿ.

ಹೆಲ್ಮೆಟ್ ಸವಾರ: ನಾನೇನ್ ಮಾಡಿದೆ?

ಡಾಕ್ಟರ್: ಎಲ್ಲರೂ ಸ್ವಲ್ಪ ಸುಮ್ಮನಿರಿ. ಮೈನಸ್ ಒಂಬತ್ತು, ಇದ್ದೀರಾ? ನಿಮ್ಮ ಪ್ರಶ್ನೆ ಈ ಗಲಾಟೆಯಲ್ಲಿ ಮೇಲೆ ಹೋಗಿಬಿಟ್ಟಿದೆ, ಮುಕ್ಕಾಲು ಗಂಟೆಯಾಯಿತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಮಾತ್ರ ನೋಡಿ. ಯಾವುದಾದರೂ ಮೂಲೆಯಲ್ಲಿ ನೆರಳು, ಪರದೆ ಇಳಿದ ಹಾಗೆ ಇದೆಯಾ?

ಮೈನಸ್ ಒಂಬತ್ತು: ಹೌದು ಮೇಡಂ, ಕೆಳಗೆ ಮೂಗಿನ ಕಡೆ ಬೂದುಬೂದಾಗಿದೆ. ಕನ್ನಡಕದ ಕಲೆ ಅಂದ್ಕೊಂಡು ಒರೆಸ್ತಾನೇ ಇದ್ದೆ. ನಾಳೆ ಆಫೀಸ್ ಮುಗಿಸಿ ತೋರಿಸ್ತೀನಿ.

ಡಾಕ್ಟರ್: ಆಫೀಸ್ ಮುಗಿಸಿ ಅಲ್ಲ, ಈಗಲೇ. ರೆಟಿನಾ ಹರಿದು ಕಳಚಿಕೊಳ್ಳುತ್ತಿರಬಹುದು. ಉದ್ದದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತದೆ. ಬರೀ ಹರಿದಿದ್ದರೆ ಸುತ್ತ ಲೇಸರ್ ಬೆಸುಗೆ ಹಾಕಬಹುದು, ಅದು ನೀವು ಕೇಳಿದ ಲೇಸರ್ ಅಲ್ಲ. ನೆರಳು ಬಂದಿದ್ದರೆ ಆಪರೇಷನ್ನೇ ಬೇಕಾಗಬಹುದು. ನಡುಭಾಗ ಕಳಚುವ ಮುಂಚೆ ತಲುಪಬೇಕು. ರಾತ್ರಿ ತುರ್ತು ವಿಭಾಗ ಇರುವ ಕಣ್ಣಾಸ್ಪತ್ರೆಗೆ ಫೋನ್ ಮಾಡಿ, ರೆಟಿನಾ ಡಾಕ್ಟರ್ ಬೇಕು ಅನ್ನಿ. ಗಾಡಿ ನೀವು ಓಡಿಸಬೇಡಿ. ಅವರು ನೋಡುವವರೆಗೆ ಏನೂ ತಿನ್ನಬೇಡಿ.

ಮೈನಸ್ ಒಂಬತ್ತು: ಹೊರಟೆ ಮೇಡಂ. ಭಾವ ಗಾಡಿ ತೆಗೀತಿದ್ದಾರೆ.

ಡಾಕ್ಟರ್: ತಲುಪಿದ ತಕ್ಷಣ ನನಗೆ ನೇರ ಮೆಸೇಜ್ ಮಾಡಿ, ಇಲ್ಲಿ ಬೇಡ. ಇವತ್ತಿಗೆ ನನ್ನದು ಮುಗಿಯಿತು.

ಹೊಸ ಸೊಸೆ: ಮೇಡಂ, ನನ್ನ ಪ್ರಶ್ನೆ?

ರಾತ್ರಿಪಾಳಿ: ಕಂಪ್ಯೂಟರ್‌ಗೆ ನೀಲಿ ಕೋಟಿಂಗ್ ಗಾಜು ಬೇಕಾ ಮೇಡಂ?